ಮರ ಕಡೆಯುವ ಹಳೆ ಲೇತ್ ನಡುಗುತ್ತಿದೆಯಾ? ಬೇರಿಂಗ್‌ಗೆ ಕೈ ಹಾಕುವ ಮುಂಚೆ ಬೆಲ್ಟ್ ಬಿಚ್ಚಿ ನೋಡಿ

ಬಾಗಿಲು ಮುಚ್ಚುತ್ತಿದ್ದ ಒಂದು ಫರ್ನಿಚರ್ ವರ್ಕ್‌ಶಾಪ್‌ನಿಂದ ನನ್ನ ಲೇತ್ ತಂದೆ. ಬೀಡಿನ (ಎರಕದ ಕಬ್ಬಿಣದ) ಬೆಡ್, ಅಂದರೆ ಉಳಿದೆಲ್ಲ ಭಾಗ ಕೂರುವ ಉದ್ದನೆ ತಳ. ಮರವನ್ನು ಎರಡು ತುದಿಯಲ್ಲಿ ಹಿಡಿಯುವ ಸೆಂಟರ್‌ಗಳ ನಡುವೆ 36 ಇಂಚು, 1 ಎಚ್‌ಪಿ ಮೋಟಾರ್, ನಾಲ್ಕು ಮೆಟ್ಟಿಲಿನ ಪುಲ್ಲಿ. ಕಡಿಮೆ ಸ್ಪೀಡಿನಲ್ಲಿ ತಣ್ಣಗೆ ತಿರುಗುತ್ತಿತ್ತು. ಬೆಲ್ಟನ್ನು ಮುಂದಿನ ಮೆಟ್ಟಿಲಿಗೆ ಹಾಕಿದರೆ ಸಾಕು, ಮೈಯೆಲ್ಲ ಗಡಗಡ ಎನ್ನುತ್ತಿತ್ತು. ಬೆಡ್ ಮೇಲೆ ಇಟ್ಟ ಉಳಿ ತಾನಾಗೇ ಜಾರಿ ಕೆಳಗೆ ಬೀಳುತ್ತಿತ್ತು. ಕಡೆದ ಲಟ್ಟಣಿಗೆ ಮೇಲೆ ಹಗ್ಗ ಸುತ್ತಿದ ಹಾಗೆ ಗೆರೆ.

ನೋಡಿದವರೆಲ್ಲ 'ಬೇರಿಂಗ್ ಹೋಗಿದೆ' ಎಂದರು. ನಾನೂ ನಂಬಿದೆ. ಎರಡು ದಿನ ಕೂತು ಎರಡೂ ಬೇರಿಂಗ್ ಬದಲಿಸಿದೆ. ನಡುಕ ಚೂರೂ ಕಡಿಮೆ ಆಗಲಿಲ್ಲ.

ಕೊನೆಗೆ ಸಿಕ್ಕ ಕಾರಣ ಒಂದಲ್ಲ, ಮೂರು. ಮೂರರಲ್ಲಿ ಯಾವುದಕ್ಕೂ ದುಡ್ಡು ಜಾಸ್ತಿ ಬೇಕಿರಲಿಲ್ಲ. ಹಳೆ ಲೇತ್ ತರುವವರು, ತಂದು ಕಷ್ಟಪಡುತ್ತಿರುವವರು ನನ್ನ ಹಾಗೆ ಎರಡು ದಿನ ಕಳೆಯಬಾರದು ಅಂತ ಹುಡುಕಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಳ್ಳುವಾಗ ನೋಡಬೇಕಾದ್ದು

ತುಕ್ಕು ನೋಡಿ ಹೆದರಬೇಡಿ. ಸೀಮೆಎಣ್ಣೆ, ಎಮರಿ ಪೇಪರ್, ಒಂದು ಭಾನುವಾರ ಇದ್ದರೆ ಬೆಡ್ ಮೇಲಿನ ತುಕ್ಕು ಹೋಗುತ್ತದೆ. ಹೆದರಬೇಕಾದ್ದು ಬಿರುಕಿಗೆ. ಬೀಡು ಬಿರುಕು ಬಿಟ್ಟರೆ ಮನೆಯಲ್ಲಿ ಸರಿಮಾಡುವ ಕೆಲಸ ಅಲ್ಲ. ಬೆಡ್‌ನ ಕಾಲಿನ ಹತ್ತಿರ, ಟೇಲ್‌ಸ್ಟಾಕ್‌ನ (ಬೆಡ್ ಮೇಲೆ ಸರಿದು ಮರದ ಕೊನೆಯ ತುದಿ ಹಿಡಿಯುವ ಭಾಗ) ಬುಡ, ಟೂಲ್ ರೆಸ್ಟ್ (ಉಳಿ ಊರುವ ಪಟ್ಟಿ) ಕೂರುವ ಬ್ರಾಕೆಟ್, ಈ ಮೂರು ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ವೆಲ್ಡಿಂಗ್ ಮಾಡಿ ಮೇಲೆ ಪೇಂಟ್ ಬಳಿದಿದ್ದರೆ ಬೆರಳಿಗೆ ಉಬ್ಬು ಸಿಗುತ್ತದೆ.

ಬೆಲ್ಟ್ ಸಡಿಲ ಮಾಡಿ ಸ್ಪಿಂಡಲನ್ನು, ಅಂದರೆ ಮರವನ್ನು ತಿರುಗಿಸುವ ಶಾಫ್ಟನ್ನು, ಕೈಯಲ್ಲಿ ತಿರುಗಿಸಿ. ಮರಳು ಸಿಕ್ಕ ಹಾಗೆ ಕರಕರ ಅಂದರೆ ಬೇರಿಂಗ್ ಖರ್ಚು ಲೆಕ್ಕ ಹಾಕಿಕೊಂಡು ಬೆಲೆ ಮಾತಾಡಿ. ಟೇಲ್‌ಸ್ಟಾಕ್ ಚಕ್ರ ತಿರುಗಿಸಿದರೆ ಒಳಗಿನ ಕೊಳವೆ ಮುಂದೆ ಹಿಂದೆ ಬರಬೇಕು, ಲಾಕ್ ಹಾಕಿದರೆ ಅಲ್ಲಾಡದೆ ನಿಲ್ಲಬೇಕು.

ಸ್ಪಿಂಡಲ್ ಮೂತಿಯ ಥ್ರೆಡ್ ಯಾವುದು ಅಂತ ಕೇಳಿಕೊಳ್ಳಿ. 1 ಇಂಚು ದಪ್ಪಕ್ಕೆ ಇಂಚಿಗೆ 8 ಥ್ರೆಡ್ ಇರುವ ಅಳತೆ, ಇಲ್ಲವೇ 33 ಮಿ.ಮೀ. ದಪ್ಪದ ಎಂ33 ಇದ್ದರೆ ಚಕ್ (ಮರವನ್ನು ಕಚ್ಚಿ ಹಿಡಿಯುವ ದವಡೆ) ಸುಲಭವಾಗಿ ಸಿಗುತ್ತದೆ. ಹಳೆಯದರಲ್ಲಿ ಏನು ಬೇಕಾದರೂ ಇರಬಹುದು. ಅದಕ್ಕೇ ಹಳೆ ಫೇಸ್‌ಪ್ಲೇಟ್ (ಮರವನ್ನು ಸ್ಕ್ರೂ ಹಾಕಿ ಹಿಡಿಸುವ ತಟ್ಟೆ) ಎಷ್ಟೇ ತುಕ್ಕು ಹಿಡಿದಿರಲಿ, ಗುಜರಿಗೆ ಹಾಕಲು ಬಿಡದೆ ಲೇತ್ ಜೊತೆಗೇ ತನ್ನಿ. ಆ ಥ್ರೆಡ್‌ಗೆ ಸರಿಯಾಗಿ ಕೂರುವುದು ಅದೊಂದೇ ಇರಬಹುದು.

ಮೋಟಾರ್ ತ್ರೀ ಫೇಸ್ ಆಗಿದ್ದರೂ ಬಿಡಬೇಡಿ. ಟರ್ಮಿನಲ್ ಡಬ್ಬಿಯಲ್ಲಿ ಆರು ವೈರ್ ಇದ್ದು, ನೇಮ್‌ಪ್ಲೇಟ್‌ನಲ್ಲಿ ಡೆಲ್ಟಾಗೆ 230 ಅಥವಾ 240 ವೋಲ್ಟ್ ಅಂತ ಬರೆದಿದ್ದರೆ, ವಿಎಫ್‌ಡಿ (ಮೋಟಾರಿನ ಸ್ಪೀಡ್ ಬದಲಿಸುವ ಎಲೆಕ್ಟ್ರಾನಿಕ್ ಡಬ್ಬಿ) ಹಾಕಿಸಿ ಮನೆಯ ಸಿಂಗಲ್ ಫೇಸ್‌ನಲ್ಲೇ ಓಡಿಸಬಹುದು. ಸ್ಪೀಡ್ ಬದಲಿಸಲು ಬೆಲ್ಟ್ ಎತ್ತಿ ಹಾಕುವ ಕೆಲಸವೂ ಕಡಿಮೆ ಆಗುತ್ತದೆ. ಕನೆಕ್ಷನ್ ಮಾತ್ರ ತಿಳಿದವರಿಂದಲೇ ಮಾಡಿಸಿ.

ಹುಡುಕಲು ಶುರು ಮಾಡುವ ಮುಂಚೆ

ಲುಂಗಿ, ಪಂಚೆ, ದುಪಟ್ಟ, ಸಡಿಲ ತೋಳಿನ ಅಂಗಿ ಬೇಡ. ಕೈಗವಸು ಬೇಡವೇ ಬೇಡ, ತಿರುಗುವ ಮರ ಅದನ್ನು ಕೈ ಸಮೇತ ಎಳೆದುಕೊಳ್ಳುತ್ತದೆ. ಮುಖಕ್ಕೆ ಶೀಲ್ಡ್ ಇರಲಿ. ಆನ್ ಮಾಡುವಾಗ ಮರದ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಪುಲ್ಲಿ ಹತ್ತಿರ ಕೈ ಹೋಗುವ ಮುಂಚೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಇಡಿ.

ನಡುಕ: ಒಂದೊಂದೇ ಬಿಚ್ಚುತ್ತಾ ಹೋಗಿ

ಬೇರಿಂಗ್ ಬದಲಿಸಿಯೂ ಸೋತ ಮೇಲೆ ಚನ್ನಪಟ್ಟಣಕ್ಕೆ ಹೋದೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಓಡಾಡಿದವರಿಗೆ ಆ ಊರಿನ ಬಣ್ಣದ ಆಟಿಕೆ ಗೊತ್ತೇ ಇರುತ್ತದೆ. ತಲೆಮಾರುಗಳಿಂದ ಮರ ಕಡೆಯುವವರ ಊರು ಅದು. ಅಲ್ಲೊಬ್ಬ ಹಿರಿಯರು ಆಲೆ ಮರದ ತುಂಡಿಗೆ ಅರಗು ಹಚ್ಚುತ್ತಿದ್ದರು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಒತ್ತಿ ಹೊಳಪು ಕೊಡುತ್ತಾರೆ.

ನನ್ನ ಕಥೆ ಕೇಳಿ ಅವರು ಕೇಳಿದ್ದು ಒಂದೇ ಮಾತು. "ಬೆಲ್ಟ್ ಬಿಚ್ಚಿ ಮೋಟಾರ್ ಒಂದನ್ನೇ ಓಡಿಸಿ ನೋಡಿದ್ರಾ ಸಾರ್?"

"ಇಲ್ಲ ಯಜಮಾನ್ರೇ."

"ಮೊದ್ಲು ಅದು ನೋಡಿ. ಅರಗು ಒಂದೇ ಕಡೆ ಹತ್ತಿದ್ರೆ ಮರ ಕುಣೀತಾ ಇದೆ ಅಂತ ಗೊತ್ತಾಗುತ್ತೆ. ಕುಣಿಸ್ತಾ ಇರೋದು ಯಾವುದು ಅಂತ ಒಂದೊಂದೇ ಬಿಚ್ಚಿದ್ರೇನೇ ಗೊತ್ತಾಗೋದು."

ಮನೆಗೆ ಬಂದು ಹಾಗೇ ಮಾಡಿದೆ. ನೀವೂ ಇದೇ ಕ್ರಮದಲ್ಲಿ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಮಾಡಿದರೆ ಸರಿಹೋದದ್ದು ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಮೊದಲು ಮರ ತೆಗೆದು ಖಾಲಿ ಓಡಿಸಿ. ನಡುಕ ನಿಂತರೆ ಲೇತ್ ಚೆನ್ನಾಗಿದೆ, ತೊಂದರೆ ಮರದಲ್ಲೋ ಮರ ಹಿಡಿದ ರೀತಿಯಲ್ಲೋ ಇದೆ. ಒಂದು ಪಕ್ಕ ಹಸಿ, ಒಂದು ಪಕ್ಕ ಒಣಗಿದ ತುಂಡು ಎಷ್ಟು ಗುಂಡಗೆ ಕಡೆದರೂ ಕುಣಿಯುತ್ತದೆ. ಸ್ಪೀಡೂ ಜಾಸ್ತಿ ಇರಬಹುದು. ಮರದ ಅಡ್ಡಳತೆಯನ್ನು ಇಂಚಿನಲ್ಲಿ ತೆಗೆದುಕೊಂಡು ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿ. ಉತ್ತರ 6000ದಿಂದ 9000ದ ಒಳಗೆ ಇರಬೇಕು ಅನ್ನುವುದು ಕಡೆಯುವವರ ಲೆಕ್ಕ. 8 ಇಂಚಿನ ಬಟ್ಟಲಿಗೆ 750ರಿಂದ 1100 ಸಾಕು. ಇನ್ನೂ ಗುಂಡಗಾಗದ ಒರಟು ತುಂಡಾದರೆ ಅದಕ್ಕಿಂತಲೂ ಕಡಿಮೆ.

ಖಾಲಿ ಓಡಿಸಿದರೂ ನಡುಗುತ್ತಿದ್ದರೆ ಬೆಲ್ಟ್ ಬಿಚ್ಚಿ ಮೋಟಾರ್ ಒಂದನ್ನೇ ಓಡಿಸಿ. ಆಗಲೂ ನಡುಗಿದರೆ ಮೋಟಾರಿನ ಬೇರಿಂಗ್, ಅದರ ಪುಲ್ಲಿ, ಹಿಂದಿನ ಫ್ಯಾನ್, ಕೂರಿಸಿದ ಪ್ಲೇಟಿನ ಬೋಲ್ಟ್, ಇಷ್ಟೇ ನೋಡಬೇಕಾದ್ದು. ನನ್ನ ಮೋಟಾರ್ ಬೆಲ್ಟ್ ಇಲ್ಲದೆ ಓಡಿದಾಗ ಅದರ ಮೇಲೆ ಒಂದು ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿದೆ. ಬೀಳಲಿಲ್ಲ. ಅಲ್ಲಿಗೆ ಮೋಟಾರ್ ಮೇಲಿನ ಅನುಮಾನ ಹೋಯಿತು. ಬೆಲ್ಟ್ ವಾಪಸ್ ಹಾಕಿದೆ, ನಡುಕ ವಾಪಸ್ ಬಂತು.

ಈಗ ಕಿವಿ ಕೊಡಿ. 'ಡುಗ್ ಡುಗ್ ಡುಗ್' ಅಂತ ಬಿಡಿಬಿಡಿಯಾಗಿ ಕೇಳುತ್ತಿದೆಯಾ, ಇಲ್ಲಾ ಎಡೆಬಿಡದೆ 'ಗ್‌ರ್‌ರ್' ಅನ್ನುತ್ತಿದೆಯಾ? 1440 ಆರ್‌ಪಿಎಂ ಮೋಟಾರ್ ಸೆಕೆಂಡಿಗೆ 24 ಸುತ್ತು ತಿರುಗುತ್ತದೆ. ಪುಲ್ಲಿ 3 ಇಂಚಿನದು, ಬೆಲ್ಟ್ ಸುಮಾರು 36 ಇಂಚಿನದು ಅಂದುಕೊಳ್ಳಿ. ಪುಲ್ಲಿ ನಾಲ್ಕು ಸುತ್ತು ಬರುವ ಹೊತ್ತಿಗೆ ಬೆಲ್ಟ್ ಒಂದು ಸುತ್ತು ಬರುತ್ತದೆ. ಅಂದರೆ ಬೆಲ್ಟಿನಲ್ಲಿ ಒಂದು ಕಡೆ ಗಂಟೋ ಬಾಗೋ ಇದ್ದರೆ ಸೆಕೆಂಡಿಗೆ ಆರು ಸಲ ಗುದ್ದುತ್ತದೆ. ಆರು ಗುದ್ದು ಕಿವಿಗೆ ಬಿಡಿಯಾಗಿ ಸಿಗುತ್ತದೆ. ಬೇರಿಂಗಿನ ಸದ್ದು ಹಾಗೆ ಸಿಗುವುದಿಲ್ಲ. ಅದು ಕೂಡಿಕೊಂಡು ಗೊರಗೊರ ಎನ್ನುತ್ತದೆ. ಈ ಲೆಕ್ಕ ಮೊದಲೇ ಮಾಡಿದ್ದರೆ ನಾನು ಬೇರಿಂಗ್ ಮುಟ್ಟುತ್ತಲೇ ಇರಲಿಲ್ಲ.

ವರ್ಷಗಟ್ಟಲೆ ನಿಂತ ಲೇತಿನಲ್ಲಿ ಬೆಲ್ಟ್ ಪುಲ್ಲಿ ಸುತ್ತ ಬಾಗಿ ಹಾಗೇ ಗಟ್ಟಿಯಾಗಿರುತ್ತದೆ. ನನ್ನದನ್ನು ಬಿಚ್ಚಿ ನೆಲದ ಮೇಲೆ ಹಾಕಿದೆ. ಉಂಗುರದ ಹಾಗೆ ಬೀಳುವ ಬದಲು ಅವರೆಕಾಯಿ ಆಕಾರದಲ್ಲಿ ಕೂತಿತು. ಹೊಸ ಬೆಲ್ಟ್ ತರಲು ಹಳೆಯದನ್ನೇ ಅಂಗಡಿಗೆ ಒಯ್ಯಿರಿ. 'ಎ' ಸೆಕ್ಷನ್ ಬೆಲ್ಟ್ 13 ಮಿ.ಮೀ. ಅಗಲ, 'ಬಿ' ಸೆಕ್ಷನ್ 17. ಎ-36 ಅಂದರೆ ಒಳಸುತ್ತು 36 ಇಂಚು. ಹಾಕಿದ ಮೇಲೆ ವೀಣೆ ತಂತಿಯ ಹಾಗೆ ಬಿಗಿಯಬೇಡಿ. ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚಿನಷ್ಟು ತಗ್ಗಬೇಕು. ಬಿಗಿ ಜಾಸ್ತಿಯಾದರೆ ನಡುಕವೂ ಜಾಸ್ತಿ, ಬೇರಿಂಗೂ ಬೇಗ ಹಾಳು.

ಹೊಸ ಬೆಲ್ಟ್ ಹಾಕಿದ ಮೇಲೆ ಅರ್ಧಕ್ಕರ್ಧ ನಡುಕ ಹೋಯಿತು.

ಅದೇ ಹೊತ್ತಿಗೆ ಪುಲ್ಲಿಗಳನ್ನೂ ನೋಡಿಬಿಡಿ. ಪ್ಲಗ್ ಕಿತ್ತು, ಪೆನ್ಸಿಲ್ ತುದಿಯನ್ನು ಪುಲ್ಲಿ ಅಂಚಿಗೆ ಕೂದಲಷ್ಟು ಹತ್ತಿರ ಹಿಡಿದು, ಕೈಯಲ್ಲಿ ನಿಧಾನ ತಿರುಗಿಸಿ. ಸಂದು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದರೆ ಪುಲ್ಲಿ ಸೊಟ್ಟಗಿದೆ. ಪುಲ್ಲಿಯನ್ನು ಶಾಫ್ಟಿಗೆ ಹಿಡಿಸುವ ಗ್ರಬ್ ಸ್ಕ್ರೂ ಸಡಿಲವಾಗಿ ಕೀ (ಎರಡರ ನಡುವಿನ ಕಬ್ಬಿಣದ ಬೆಣೆ) ಸವೆದಿರುವುದು ತುಂಬ ಸಾಮಾನ್ಯ. ಎರಡು ಪುಲ್ಲಿ ಒಂದೇ ನೇರಕ್ಕೆ ಇವೆಯಾ ಅಂತ ಉದ್ದನೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿ.

ಇನ್ನು ಕಾಲು. ಲೇತಿನ ನಾಲ್ಕು ಕಾಲಿನ ಕೆಳಗೂ ಒಂದೊಂದು ಪೇಪರ್ ತೂರಿಸಿ ನೋಡಿ. ನನ್ನ ಶೆಡ್ಡಿನಲ್ಲಿ ಒಂದು ಕಾಲಿನ ಕೆಳಗೆ ಪೋಸ್ಟ್ ಕಾರ್ಡ್ ಸರಾಗವಾಗಿ ಹೋಯಿತು. ಮೂರೇ ಕಾಲಿನ ಮೇಲೆ ನಿಂತಿತ್ತು. ಇಲ್ಲಿ ಒಂದು ಎಚ್ಚರಿಕೆ. ಎತ್ತರ ಕಡಿಮೆ ಇರುವ ಕಾಲನ್ನು ಬೋಲ್ಟ್ ಬಿಗಿದು ನೆಲಕ್ಕೆ ಎಳೆಯಬೇಡಿ. ಬೆಡ್ ತಿರುಚಿಕೊಳ್ಳುತ್ತದೆ, ಸೆಂಟರ್‌ಗಳು ದಾರಿ ತಪ್ಪುತ್ತವೆ. ಮೊದಲು ತಗಡು ಕೊಟ್ಟು ಸಂದು ತುಂಬಿ, ಆಮೇಲೆ ಬಿಗಿಯಿರಿ. ಸ್ಟ್ಯಾಂಡಿನ ಕೆಳಹಲಗೆ ಮೇಲೆ ಎರಡು ಮರಳಿನ ಚೀಲ ಇಟ್ಟರೆ ಇನ್ನೂ ಒಳ್ಳೆಯದು.

ಮರದ ತಪ್ಪೋ, ಸ್ಪಿಂಡಲಿನ ತಪ್ಪೋ

ಖಾಲಿ ಓಡಿದಾಗ ಲೇತ್ ಈಗ ಶಾಂತ. ಆದರೆ ಮರ ಹಾಕಿದರೆ ಹಗ್ಗದ ಗೆರೆ ಇನ್ನೂ ಬರುತ್ತಿತ್ತು. ಮೊದಲು ಗೆರೆ ಎಲ್ಲಿ ಬರುತ್ತಿದೆ ನೋಡಿ. ತೆಳ್ಳಗೆ ಉದ್ದಕ್ಕಿರುವ ಮರದ ನಡುಭಾಗದಲ್ಲಿ ಮಾತ್ರ ಬಂದರೆ ಮರವೇ ಬಳುಕುತ್ತಿದೆ. ಉಳಿ ಮಸೆದು, ಟೂಲ್ ರೆಸ್ಟನ್ನು ಮರದ ಹತ್ತಿರ ತಂದು, ತೆಳುವಾಗಿ ಕಡೆಯಿರಿ. ಟೇಲ್‌ಸ್ಟಾಕ್ ಪಕ್ಕದಲ್ಲಿ ಬಂದರೆ ಅದರ ಲಾಕ್ ಬಿಗಿಯಿರಿ. ನನ್ನದು ಸ್ಪಿಂಡಲ್ ಇರುವ ಹೆಡ್‌ಸ್ಟಾಕ್ ಪಕ್ಕದಲ್ಲೇ ದಟ್ಟವಾಗಿತ್ತು.

ಆಗ ಚನ್ನಪಟ್ಟಣದ ಅರಗಿನ ಕಡ್ಡಿ ನೆನಪಾಯಿತು. ಅರಗಿನ ಬದಲು ಸೀಮೆಸುಣ್ಣ ಹಿಡಿದೆ. ನೀವೂ ಮಾಡಿ, ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಗುಂಡಗೆ ಕಡೆದ ಮರವನ್ನು ಬಿಚ್ಚಿ ಮತ್ತೆ ಹಾಕಿ. ಕಡಿಮೆ ಸ್ಪೀಡಿನಲ್ಲಿ ಓಡಿಸಿ, ಸೀಮೆಸುಣ್ಣವನ್ನು ಟೂಲ್ ರೆಸ್ಟ್ ಮೇಲೆ ಊರಿ ಮೆಲ್ಲಗೆ ತಾಗಿಸಿ. ನಿಲ್ಲಿಸಿ ನೋಡಿದರೆ ಉಬ್ಬಿರುವ ಪಕ್ಕಕ್ಕೆ ಮಾತ್ರ ಸುಣ್ಣ ಹತ್ತಿರುತ್ತದೆ. ಸ್ಪಿಂಡಲ್ ಮೇಲೆ ಆ ನೇರಕ್ಕೆ ಸ್ಕೆಚ್ ಪೆನ್ನಿನಲ್ಲಿ ಒಂದು ಗುರುತು ಹಾಕಿ. ಈಗ ಸುಣ್ಣ ಒರೆಸಿ, ಮರವನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಿಡಿಸಿ, ಇನ್ನೊಮ್ಮೆ ಸುಣ್ಣ ತಾಗಿಸಿ. ಸುಣ್ಣ ಮರದ ಹಳೆ ಜಾಗಕ್ಕೇ ಹತ್ತಿದರೆ ತಪ್ಪು ಮರದ್ದು. ಸ್ಪಿಂಡಲಿನ ಗುರುತಿನ ನೇರಕ್ಕೇ ಹತ್ತಿದರೆ ತಪ್ಪು ಸ್ಪಿಂಡಲ್ ಕಡೆಯದು.

ನನಗೆ ಎರಡು ಸಲವೂ ಸ್ಪಿಂಡಲ್ ಗುರುತಿನ ನೇರಕ್ಕೇ ಹತ್ತಿತು.

ಬೇರಿಂಗ್ ಹೊಸದು. ಹಾಗಾದರೆ ಉಳಿದದ್ದು ಸೆಂಟರ್ ಕೂರುವ ತೂತು. ಈ ತೂತು ಒಳಗೆ ಹೋಗುತ್ತಾ ಕಿರಿದಾಗುತ್ತದೆ, ಅದೇ ಮೋರ್ಸ್ ಟೇಪರ್. ಬಾಯಿಯ ಅಗಲ ಸುಮಾರು 12 ಮಿ.ಮೀ. ಇದ್ದರೆ ಅದು 1ನೇ ನಂಬರ್, 18 ಮಿ.ಮೀ. ಹತ್ತಿರ ಇದ್ದರೆ 2ನೇ ನಂಬರ್. ಪ್ಲಗ್ ಕಿತ್ತು, ತೂತಿನೊಳಗೆ ಕಿರುಬೆರಳು ಬಿಟ್ಟು ಸುತ್ತಲೂ ಸವರಿದೆ. ಒಂದು ಕಡೆ ಅಕ್ಕಿ ಕಾಳಿಗಿಂತ ಚಿಕ್ಕ ಉಬ್ಬು ಉಗುರಿಗೆ ತಡೆಯಿತು. ಸೆಂಟರ್ ಮೇಲೆ ಉದ್ದಕ್ಕೂ ಸ್ಕೆಚ್ ಪೆನ್ನಿನಲ್ಲಿ ನಾಲ್ಕು ಗೆರೆ ಎಳೆದು, ಒಳಗೆ ಒತ್ತಿ, ಚೂರು ತಿರುವಿ ತೆಗೆದೆ. ಟೇಪರ್ ಸರಿ ಇದ್ದರೆ ನಾಲ್ಕು ಗೆರೆಯೂ ಉದ್ದಕ್ಕೆ ಅಳಿಸಬೇಕು. ನನ್ನದರಲ್ಲಿ ಒಂದೇ ಒಂದು ಚುಕ್ಕೆಯಲ್ಲಿ ಶಾಯಿ ಹೋಗಿ ಕಬ್ಬಿಣ ಮಿಂಚುತ್ತಿತ್ತು. ಹಿಂದೆ ಯಾವಾಗಲೋ ಸೆಂಟರೋ ಡ್ರಿಲ್ ಚಕ್ಕೋ ಸಡಿಲವಾಗಿ ಒಳಗೇ ತಿರುಗಿ ಕಬ್ಬಿಣ ಕೆತ್ತಿ ಎಬ್ಬಿಸಿದೆ. ಅಷ್ಟು ಸಣ್ಣ ಉಬ್ಬು ಸೆಂಟರನ್ನು ಒಂದು ಪಕ್ಕಕ್ಕೆ ತಳ್ಳುತ್ತಿತ್ತು.

ಇದಕ್ಕೆ ಎಮರಿ ಪೇಪರ್ ಸುತ್ತಿ ಉಜ್ಜಬೇಡಿ. ಉಬ್ಬಿನ ಜೊತೆ ಸುತ್ತಲಿನ ಸರಿಯಾದ ಜಾಗವೂ ಸವೆದು ತೂತು ಅಂಕುಡೊಂಕಾಗುತ್ತದೆ. ಆ ನಂಬರಿನ ಮೋರ್ಸ್ ಟೇಪರ್ ರೀಮರ್ (ತೂತಿನ ಒಳಮೈ ಹೆರೆದು ಸರಿಮಾಡುವ ಸಾಧನ) ಸಿಗುತ್ತದೆ. ಕೈಯಲ್ಲೇ ಹಿಡಿದು, ಎಣ್ಣೆ ಹಾಕಿ, ಬಲ ಹಾಕದೆ, ಮುಂದಕ್ಕೆ ಮಾತ್ರ ಎರಡು ಮೂರು ಸುತ್ತು ತಿರುಗಿಸಿ. ಉಬ್ಬು ಹೋದ ಕೂಡಲೇ ನಿಲ್ಲಿಸಿ. ಪುಡಿಯನ್ನು ಒಂದಿಷ್ಟೂ ಬಿಡದೆ ಒರೆಸಿ. ಫೇಸ್‌ಪ್ಲೇಟ್ ಕುಣಿಯುತ್ತಿದ್ದರೂ ಮೊದಲು ನೋಡಬೇಕಾದ್ದು ಇಂಥದ್ದನ್ನೇ: ಸ್ಪಿಂಡಲಿನ ಥ್ರೆಡ್ ಬುಡದ ಭುಜದಲ್ಲಿ ಒಣಗಿದ ಅಂಟು, ಮರದ ಪುಡಿ ಕಚ್ಚಿಕೊಂಡಿರುತ್ತದೆ.

ನಿಜಕ್ಕೂ ಬೇರಿಂಗೇ ಹೋಗಿದ್ದರೆ

ಹಾಗೂ ಆಗುತ್ತದೆ. ಫೇಸ್‌ಪ್ಲೇಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದರೆ 'ಟಕ್' ಅಂತ ಆಟ ಸಿಕ್ಕರೆ, ಕೈಯಲ್ಲಿ ತಿರುಗಿಸಿದಾಗ ಕರಕರ ಎಂದರೆ ಬದಲಿಸಿ. ನಂಬರ್ ಬೇರಿಂಗಿನ ಮೇಲೇ ಇರುತ್ತದೆ. 6204 ಅಂದರೆ ಒಳತೂತು 20 ಮಿ.ಮೀ., 6205 ಅಂದರೆ 25. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಐದರಿಂದ ಗುಣಿಸಿದರೆ ಸಾಕು. ಮರದ ಪುಡಿ ಇರುವ ಜಾಗ ಅಲ್ವಾ, ರಬ್ಬರ್ ಸೀಲ್ ಇರುವ 2 ಆರ್‌ಎಸ್ ಕೇಳಿ. ಸ್ಪಿಂಡಲಿಗೆ ಹೊಡೆದು ಕೂರಿಸುವಾಗ ಒಳ ಉಂಗುರಕ್ಕೆ ಮಾತ್ರ ತಾಗುವ ಪೈಪ್ ತುಂಡು ಇಟ್ಟು ಹೊಡೆಯಿರಿ. ಹೊರ ಉಂಗುರಕ್ಕೆ ಬಿದ್ದ ಪೆಟ್ಟು ಗುಂಡುಗಳ ಮೇಲೇ ಬಿದ್ದು, ಹೊಸ ಬೇರಿಂಗ್ ಮೊದಲ ದಿನವೇ ಸದ್ದು ಮಾಡುತ್ತದೆ.

ತೀರಾ ಹಳೆ ಲೇತಿನಲ್ಲಿ ಬಾಲ್ ಬೇರಿಂಗ್ ಬದಲು ಗನ್‌ಮೆಟಲ್ ಬುಶ್ ಇರಬಹುದು. ಹೆಡ್‌ಸ್ಟಾಕ್ ಮೇಲೆ ಎಣ್ಣೆ ಬಟ್ಟಲು ಕಂಡರೆ ಹಾಗೆಂದೇ ತಿಳಿಯಿರಿ. ಅದಕ್ಕೆ ಗ್ರೀಸ್ ತುಂಬಬೇಡಿ, ಎಣ್ಣೆಯ ದಾರಿ ಕಟ್ಟಿಕೊಳ್ಳುತ್ತದೆ. ಓಡಿಸುವ ಮುಂಚೆ ನಾಲ್ಕು ಹನಿ ಮೆಷಿನ್ ಎಣ್ಣೆ ಬಿಡಿ.

ಸೆಂಟರ್‌ಗಳು ಒಂದಕ್ಕೊಂದು ಕೂಡದಿದ್ದರೆ

ಎರಡು ಚೂಪು ಸೆಂಟರ್ ಹಾಕಿ, ಟೇಲ್‌ಸ್ಟಾಕನ್ನು ತುದಿ ಮುಟ್ಟುವವರೆಗೆ ತಂದು ಲಾಕ್ ಹಾಕಿ. ಮೇಲಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಸೊಳ್ಳೆ ಮೂತಿಯಷ್ಟು ವ್ಯತ್ಯಾಸ ಇದ್ದರೆ ಲಟ್ಟಣಿಗೆ, ಮಂಚದ ಕಾಲು ಕಡೆಯುವವರಿಗೆ ಏನೂ ಆಗುವುದಿಲ್ಲ. ಎರಡು ಸೆಂಟರ್ ನಡುವೆ ಹಿಡಿದ ಮರ ಹೇಗಿದ್ದರೂ ತನ್ನ ಗೆರೆಯ ಮೇಲೇ ತಿರುಗುತ್ತದೆ. ಟೇಲ್‌ಸ್ಟಾಕಿನಿಂದ ತೂತು ಕೊರೆಯುವವರಿಗೆ, ಪೆನ್ನು, ಡಬ್ಬಿ ಮಾಡುವವರಿಗೆ ಮಾತ್ರ ಇದು ದೊಡ್ಡ ತಲೆನೋವು, ಕೊರೆದ ತೂತು ಡ್ರಿಲ್ ಬಿಟ್‌ಗಿಂತ ದೊಡ್ಡದಾಗುತ್ತದೆ. ಹೆಡ್‌ಸ್ಟಾಕ್ ಬೋಲ್ಟ್ ಸಡಿಲಿಸಿ, ಕೆಳಗಿನ ಕಸ ಒರೆಸಿ, ಮತ್ತೆ ಕೂರಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಇಲ್ಲದಿದ್ದರೆ ತಗ್ಗಿನ ಕಡೆ ಕೂಲ್ ಡ್ರಿಂಕ್ ಕ್ಯಾನಿನ ತಗಡು ಕತ್ತರಿಸಿ ಇಡಿ, ಅದು ಸುಮಾರು 0.1 ಮಿ.ಮೀ. ದಪ್ಪ.

ಮೋಟಾರ್ ಗುಂಯ್ ಎಂದು ನಿಂತರೆ

ತಕ್ಷಣ ಆಫ್ ಮಾಡಿ. ತಿರುಗದೆ ಗುಂಯ್‌ಗುಟ್ಟುವ ಮೋಟಾರಿನ ಕಾಯಿಲ್ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗುತ್ತದೆ. ಬೆಲ್ಟ್ ಬಿಚ್ಚಿ, ಶಾಫ್ಟಿಗೆ ಬುಗುರಿಗೆ ಸುತ್ತುವ ಹಾಗೆ ಚಾಟಿ ಸುತ್ತಿ. ಗಂಟು ಹಾಕಬೇಡಿ. ಪವರ್ ಆಫ್ ಇರುವಾಗಲೇ ಜೋರಾಗಿ ಎಳೆದು, ಚಾಟಿ ಪೂರ್ತಿ ಕೈಗೆ ಬಂದ ಮೇಲೆ ಸ್ವಿಚ್ ಒತ್ತಿ. ಮೋಟಾರ್ ಹಾಗೇ ಓಟ ಹಿಡಿದರೆ ಕಾಯಿಲ್ ಚೆನ್ನಾಗಿದೆ, ಸ್ಟಾರ್ಟ್ ಮಾಡಿಸುವ ಕೆಪಾಸಿಟರೋ ಒಳಗಿನ ಸ್ವಿಚ್ಚೋ ಹೋಗಿದೆ. ಈಗ ಆಫ್ ಮಾಡಿ ಕಿವಿಗೊಡಿ. ವೇಗ ಇಳಿಯುತ್ತಾ ಒಂದು ಹಂತದಲ್ಲಿ 'ಟಕ್' ಅಂತ ಕೇಳಬೇಕು. ಅದು ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಮತ್ತೆ ಕೂಡಿಕೊಳ್ಳುವ ಸದ್ದು. ಕೇಳದಿದ್ದರೆ ಅಲ್ಲೇ ಮರದ ಪುಡಿ ತುಂಬಿ ಸಿಕ್ಕಿಕೊಂಡಿರಬಹುದು. ಟಕ್ ಎಂದರೆ ಕೆಪಾಸಿಟರ್ ಬದಲಿಸಿ ನೋಡಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಜಾಸ್ತಿ ಇರಲಿ. ಬಿಚ್ಚುವ ಮುಂಚೆ ಅದರ ಎರಡು ಕಾಲಿಗೆ ಹೋಲ್ಡರ್‌ನಲ್ಲಿ ಹಾಕಿದ 60 ವಾಟ್ ಹಳೆ ಬಲ್ಬಿನ ವೈರ್ ತಾಗಿಸಿ ಚಾರ್ಜ್ ಇಳಿಸಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಶಾಕ್ ಹೊಡೆಯುತ್ತದೆ.

ಕಡೆಯುವಾಗ ಮಾತ್ರ ಮರ ನಿಲ್ಲುತ್ತಿದ್ದರೆ ಮೋಟಾರ್ ಸದ್ದು ಕೇಳಿ. ಮರ ನಿಂತರೂ ಮೋಟಾರ್ ಅದೇ ಸದ್ದಿನಲ್ಲಿ ಓಡುತ್ತಿದ್ದರೆ ಬೆಲ್ಟ್ ಅಥವಾ ಪುಲ್ಲಿ ಜಾರುತ್ತಿದೆ. ಮೋಟಾರ್ ಸದ್ದೂ ಕುಗ್ಗಿದರೆ ಕರೆಂಟ್ ನೋಡಿ. ನಮ್ಮ ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಬೀಳುವುದು ಗೊತ್ತೇ ಇದೆ. 230 ಇರಬೇಕಾದ ಕಡೆ 180 ಬಂದರೆ ಮೋಟಾರಿನ ತಿರುಚುವ ಬಲ ನೂರಕ್ಕೆ ಸುಮಾರು 60 ಭಾಗಕ್ಕೆ ಇಳಿಯುತ್ತದೆ. ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರ್ ಇದ್ದರೂ ಇದೇ ಕಥೆ. 2.5 ಚದರ ಮಿ.ಮೀ. ವೈರ್, 15 ಆಂಪ್ ಸಾಕೆಟ್, ಸರಿಯಾದ ಅರ್ಥಿಂಗ್ ಕೊಡಿಸಿ.

ಸರಿಹೋಯಿತಾ ಅಂತ ತಿಳಿಯುವುದು ಹೇಗೆ

ಅರ್ಧ ಗಂಟೆ ಖಾಲಿ ಓಡಿಸಿ, ಪ್ಲಗ್ ಕಿತ್ತು, ಬೇರಿಂಗ್ ಇರುವ ಜಾಗದಲ್ಲಿ ಹೆಡ್‌ಸ್ಟಾಕ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಟ್ಟರೆ ಬೆಲ್ಟ್ ಬಿಗಿ ಜಾಸ್ತಿಯಾಗಿದೆ ಅಥವಾ ಬೇರಿಂಗ್ ಒತ್ತಿಕೊಂಡಿದೆ. ಆಮೇಲೆ ಆಲೆಯಂಥ ಮೆತ್ತನೆ ಮರದ ತುಂಡೊಂದನ್ನು ಗುಂಡಗೆ ಕಡೆದು, ಬಿಚ್ಚಿ, ಮತ್ತೆ ಹಾಕಿ, ಸೀಮೆಸುಣ್ಣ ತಾಗಿಸಿ. ರೀಮರ್ ಹಾಕಿದ ದಿನ ಸಂಜೆ ನಾನು ಹಾಗೆ ಮಾಡಿ ನಿಲ್ಲಿಸಿ ನೋಡಿದೆ. ಸುಣ್ಣದ ಗೆರೆ ಎಲ್ಲೂ ಕಡಿಯದೆ ಮರದ ಸುತ್ತಲೂ ಬಳೆಯ ಹಾಗೆ ಕೂತಿತ್ತು.